ಕಟ್ಟೆ ಇಳಿದು ಆಡಿದ ಸುಳ್ಳು

ಕಾಡುಪಾಲನಹಟ್ಟಿಯ ನೀರುಗಂಟಿ ದೊಡ್ಡಪಾಲಯ್ಯನನ್ನು ಯಾರಾದರೂ ಸತ್ಯವಂತ ಎಂದರೆ ಹಟ್ಟಿಯ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ಬೆಳಗಾದರೆ ಅವನ ಬಾಯಲ್ಲಿ ಬರುವುದೇ ಸುಳ್ಳು. ‘ಬಿಟ್ಟೆ ಕಣ್ರವ್ವಾ, ಇನ್ನೊಂದು ಗಳಿಗೆ’ ಎನ್ನುತ್ತಾನೆ. ನಲ್ಲಿಗೆ ನೀರು ಬರುವುದು ಬಿಸಿಲು ನೆತ್ತಿಗೇರಿದ ಮೇಲೆ. ‘ಕರೆಂಟಿಲ್ಲ, ನಾನೇನು ಮಾಡ್ಲಿ’ ಎನ್ನುತ್ತಾನೆ. ಅವನ ಬೆನ್ನ ಹಿಂದೆಯೇ ಹಿಟ್ಟಿನ ಗಿರಣಿ ಗರಗರ ತಿರುಗುತ್ತಿರುತ್ತದೆ. ಯಾರಾದರೂ ಜೋರು ಮಾಡಿದರೋ, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಯನ್ನು ನೆಲಕ್ಕೆ ಬಿಸಾಕಿ, ‘ತಗೊಳ್ರಿ, ನೀವೇ ಬಿಟ್ಕೊಳ್ರಿ! ನಾಳೆಯಿಂದ ನಾನು ಈ ಕಡೆ ತಲೆನೂ ಹಾಕಾಕಿಲ್ಲ’ ಎಂದು ಕೂಗಾಡುತ್ತಾನೆ. ಮರುದಿನ ಬೆಳಕು ಹರಿಯುವ ಮುಂಚೆ ಮೋಟಾರಿನ ಹತ್ತಿರ ಕೂತು ಬೀಡಿ ಸೇದುತ್ತಿರುವವನೂ ಅವನೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಹಟ್ಟಿಗೆ ಬಂದ ಸೊಸೆಯರೆಲ್ಲ ನೀರಿಗೆ ಬಂದ ಮೊದಲ ದಿನವೇ ದೊಡ್ಡಪಾಲಯ್ಯನ ಕೈಲಿ ಬೈಸಿಕೊಂಡವರೇ.

ಆದರೆ ಕಟ್ಟೆಯ ಮಾತು ಬೇರೆ.

ಹಟ್ಟಿ ಇರುವುದು ರಾಂಪುರ ಹೋಬಳಿಯಲ್ಲಿ, ಬಳ್ಳಾರಿ ರಸ್ತೆಯಿಂದ ಒಳಕ್ಕೆ. ಹಟ್ಟಿಯ ನಡುವೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ನ್ಯಾಯ ಪಂಚಾಯ್ತಿ ಆಗುವುದು ಅದರ ಮೇಲೆ. ಕಟ್ಟೆ ಹತ್ತುವವನು ಚಪ್ಪಲಿ ಕೆಳಗೆ ಬಿಡಬೇಕು. ಹತ್ತಿದ ಮೇಲೆ ಸುಳ್ಳಾಡಬಾರದು. ಆಡಿದರೆ ಕಣ್ಣು ಇಂಗಿಹೋಗುತ್ತವೆ ಎಂದು ಮುದುಕರು ಹೇಳುತ್ತಾರೆ. ಕಣ್ಣಿನ ಮಾತು ಹಾಗಿರಲಿ, ಅಂಥವನ ಮನೆಗೆ ಆಮೇಲೆ ಯಾರೂ ಹೆಣ್ಣು ಕೊಡುವುದಿಲ್ಲ, ಅವನ ಮನೆಯಿಂದ ಹೆಣ್ಣು ತರುವುದೂ ಇಲ್ಲ. ಹೆಂಗಸರು ಕಟ್ಟೆ ಹತ್ತುವ ಪದ್ಧತಿಯಿಲ್ಲ. ಅವರು ಕೆಳಗೆ ನಿಂತು ಹೇಳುತ್ತಾರೆ, ಅವರ ಮಾತನ್ನು ಮನೆಯ ಗಂಡಸು ಮೇಲೆ ಒಯ್ಯುತ್ತಾನೆ.

ಒಂದು ಸಲ ದೊಡ್ಡಪಾಲಯ್ಯನ ಸ್ವಂತ ತಮ್ಮನ ಕುರಿಗಳು ಪಕ್ಕದವರ ಶೇಂಗಾ ಹೊಲಕ್ಕೆ ನುಗ್ಗಿ ಮೇದವು. ಕಂಡವನು ಇವನೊಬ್ಬನೇ. ಕಟ್ಟೆಗೆ ಕರೆದು ಕೇಳಿದರು. ‘ಹೌದು, ನುಗ್ಗಿದ್ವು’ ಎಂದುಬಿಟ್ಟ. ತಮ್ಮ ವರ್ಷಗಟ್ಟಲೆ ಮಾತು ಬಿಟ್ಟ. ‘ಅಲ್ಲೋ, ಒಡಹುಟ್ಟಿದವನಿಗೆ ಹಿಂಗೆ ಮಾಡ್ತಾರಾ?’ ಎಂದು ಹೆಂಡತಿ ಲಕ್ಷ್ಮಕ್ಕನೇ ಬೈದಳು. ‘ಬೀದಿಯಾಗೆ ಕೇಳಿದ್ರೆ ಕಂಡಿಲ್ಲ ಅಂತಿದ್ದೆ ಕಣೇ. ಮೇಲೆ ಕರೆದು ಕೇಳಿದ್ರಲ್ಲ’ ಎಂದ. ಅವನ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗಿಯಿತು.

ಮಗ ಮಾರುತೇಶ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಅರ್ಧ ಹೊರಗೇ. ಮನೆಯಲ್ಲಿ ಇರುವುದು ಸೊಸೆ ಗೀತಮ್ಮ. ಅವಳು ಹಟ್ಟಿಯ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು, ಚೀಲ ನೇತುಹಾಕಿಕೊಂಡು, ಬಸುರಿ ಬಾಣಂತಿಯರನ್ನು ನೋಡಿಕೊಂಡು, ಮಕ್ಕಳಿಗೆ ಹನಿ ಹಾಕಿಸಿಕೊಂಡು ತಿರುಗುವವಳು. ಎಸ್ಸೆಸ್ಸೆಲ್ಸಿ ಓದಿದ್ದಾಳೆ. ಆ ಕೆಲಸ ಸಿಕ್ಕಾಗ ಲಕ್ಷ್ಮಕ್ಕ ಹಟ್ಟಿಗೆಲ್ಲ ಸಕ್ಕರೆ ಹಂಚಿದ್ದಳು. ‘ನನ್ನ ಸೊಸೆ ಗೌರ್ಮೆಂಟು’ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅದು ಪೂರಾ ಗೌರ್ಮೆಂಟು ಅಲ್ಲ, ಗೌರವಧನದ ಕೆಲಸ ಎಂದು ಗೀತಮ್ಮ ಎಷ್ಟು ಸಲ ತಿದ್ದಿದರೂ ಕೇಳಲಿಲ್ಲ.

ಕೊರೊನಾ ಮೊದಲ ವರ್ಷ ಹಟ್ಟಿಯ ಹೊರಗೇ ಓಡಾಡಿಕೊಂಡು ಹೋಯಿತು. ಎರಡನೆಯ ವರ್ಷ, ಇಪ್ಪತ್ತೊಂದರ ಬೇಸಿಗೆಯಲ್ಲಿ, ಒಳಕ್ಕೆ ಬಂತು. ಅದೇ ಹೊತ್ತಿಗೆ ಸರ್ಕಾರದ ಆದೇಶವೂ ಬಂತು: ಹಳ್ಳಿಗಳಲ್ಲಿ ಸೋಂಕು ತಗುಲಿದವರು ಇನ್ನು ಮನೆಯಲ್ಲಿ ಇರುವಂತಿಲ್ಲ, ಎಲ್ಲರನ್ನೂ ಆರೈಕೆ ಕೇಂದ್ರಕ್ಕೆ ಸಾಗಿಸಬೇಕು. ಆ ಆದೇಶದಲ್ಲಿ ನ್ಯಾಯವೇ ಇರಲಿಲ್ಲ ಎನ್ನುವಂತಿಲ್ಲ. ಒಂದೇ ಅಂಕಣದ ಮನೆಯಲ್ಲಿ ಏಳೆಂಟು ಜನ ಮಲಗುವ ಕಡೆ, ಜ್ವರದವನನ್ನು ಯಾವ ಮೂಲೆಯಲ್ಲಿ ಬೇರೆ ಇಡುತ್ತೀರಿ? ಬರೆದವರು ಯೋಚನೆ ಮಾಡಿಯೇ ಬರೆದಿದ್ದರು. ಕೇಂದ್ರದಲ್ಲಿ ಮಂಚ ಇದೆಯೋ, ನೋಡಿಕೊಳ್ಳುವವರು ಇದ್ದಾರೋ ಎಂಬುದು ಮಾತ್ರ ಆ ಕಾಗದಕ್ಕೆ ಗೊತ್ತಿರಲಿಲ್ಲ.

ಹಟ್ಟಿಯಲ್ಲಿ ಮೊದಲು ಜ್ವರ ಬಂದದ್ದು ಲಕ್ಷ್ಮಕ್ಕನಿಗೆ. ಮೂಗಿಗೆ ಕಡ್ಡಿ ಹಾಕಿ ನೋಡಿದರು, ಬಂದಿದೆ ಎಂದರು. ಆಂಬುಲೆನ್ಸ್ ಬಂತು. ಆಶಾ ಮನೆಯಲ್ಲೇ ಆದೇಶ ಮೀರಿದರೆ ಮಿಕ್ಕವರಿಗೆ ಏನೆಂದು ಹೇಳುವುದು? ಗೀತಮ್ಮನೇ ಅತ್ತೆಯ ರಟ್ಟೆ ಹಿಡಿದು ಗಾಡಿ ಹತ್ತಿಸಿದಳು. ‘ನಾಕು ದಿನ ಇದ್ದು ಬಾ ಅತ್ತೆ’ ಎಂದಳು. ದೊಡ್ಡಪಾಲಯ್ಯ ಗಾಡಿಯ ಬಾಗಿಲಲ್ಲಿ ನಿಂತಿದ್ದ. ಏನೂ ಮಾತಾಡಲಿಲ್ಲ. ಪಟ್ಟಣದ ಒಂದು ಹಾಸ್ಟೆಲನ್ನು ಕೇಂದ್ರ ಮಾಡಿದ್ದರು. ಅಲ್ಲಿ ಜಾಗ ಸಿಗದೆ ಇನ್ನೊಂದು ಕಡೆಗೆ, ಅಲ್ಲಿಂದ ಮತ್ತೊಂದು ಕಡೆಗೆ ಒಯ್ದರು. ಲಕ್ಷ್ಮಕ್ಕ ತಿರುಗಿ ಬರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೂರದಿಂದ ತೋರಿಸಿ, ಅವರೇ ಮಣ್ಣು ಮಾಡಿದರು. ಊರಿಗೆಲ್ಲ ನೀರು ಬಿಡುವವನಿಗೆ ಹೆಂಡತಿಯ ಬಾಯಿಗೆ ತೊಟ್ಟು ನೀರು ಬಿಡಲಾಗಲಿಲ್ಲ. ಆ ಸಂಕಟಕ್ಕೆ ದೊಡ್ಡಪಾಲಯ್ಯ ಕೀಲಿಯಿಂದ ನೀರಿನ ತೊಟ್ಟಿಯ ಗೋಡೆಯನ್ನು ಹೊಡೆದೂ ಹೊಡೆದೂ ಸಿಮೆಂಟು ಕಿತ್ತು ಹಾಕಿದ. ಯಾರೂ ತಡೆಯಲಿಲ್ಲ.

ಅದಾದ ಮೇಲೆ ಹಟ್ಟಿಯಲ್ಲಿ ಒಬ್ಬರೂ ಗಾಡಿ ಹತ್ತಲು ಒಪ್ಪಲಿಲ್ಲ. ಜ್ವರ ಮಾತ್ರ ಮನೆಯಿಂದ ಮನೆಗೆ ನಡೆಯುತ್ತಿತ್ತು. ಹಟ್ಟಿಯ ಯಜಮಾನ ಬೋರಯ್ಯ ಹಿರೀಕರ ಪದ್ಧತಿಯಂತೆ ಹೊರಬೀಡು ಸಾರಿದ. ದೊಡ್ಡ ರೋಗ ಬಂದಾಗ ಊರಿಗೂರೇ ಮನೆಗಳಿಗೆ ಬೀಗ ಹಾಕಿ ಹೊರಗೆ ಹೋಗಿ, ಅಡವಿಯಲ್ಲೇ ಉಂಡು, ಹೊತ್ತು ಮುಳುಗಿದ ಮೇಲೆ ವಾಪಸಾಗುವುದು. ಹೋದರು, ಉಂಡರು. ತಿರುಗಿ ಬರುವಾಗ ಬೋರಯ್ಯ ಹೇಳಿದ: ‘ಜ್ವರ ಇರೋರು ಇಲ್ಲೇ ಇರ್ಲಿ. ಮಿಕ್ಕೋರು ನಡೀರಿ.’

ಅಷ್ಟೇ ವ್ಯವಸ್ಥೆ. ಹಟ್ಟಿಯಾಚೆ ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪಗಳಿದ್ದವು. ಗುಡಿಸಿ, ಸೋಗೆ ಹೊದಿಸಿ, ಒಬ್ಬೊಬ್ಬರಿಗೆ ಒಂದೊಂದು ಮೂಲೆ ಮಾಡಿದರು. ಮನೆಯವರು ಮುದ್ದೆ ಸಾರು ತಂದು ಬೇಲಿಯ ಹೊರಗಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ನೀರು ಹೊತ್ತವನು ದೊಡ್ಡಪಾಲಯ್ಯ. ಗೀತಮ್ಮ ಬೆಳಿಗ್ಗೆ ಸಂಜೆ ಬಂದು ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಮಾತ್ರೆ ಕೊಟ್ಟು ಹೋಗುತ್ತಿದ್ದಳು. ಅಲ್ಲಿ ಎಲ್ಲರೂ ಬದುಕಿದರು ಎಂದರೆ ಸುಳ್ಳಾಗುತ್ತದೆ. ಒಬ್ಬ ಮುದುಕ ಸತ್ತ. ಆದರೆ ಅವನ ಮಗ ಬಾಯಿಗೆ ನೀರು ಬಿಟ್ಟ, ಮೊಮ್ಮಕ್ಕಳು ಬೇಲಿಯಾಚೆ ನಿಂತು ಅತ್ತರು, ಹಟ್ಟಿಯವರೇ ಹೊತ್ತುಕೊಂಡು ಹೋದರು.

ತೊಂದರೆ ಇದ್ದದ್ದು ಸಂಜೆಯ ಫೋನಿನಲ್ಲಿ. ಆರೋಗ್ಯ ಇಲಾಖೆಯ ಮೇಲಿನ ಒಬ್ಬ ಸಾಹೇಬರು ದಿನಾ ಗೀತಮ್ಮನಿಗೆ ಫೋನು ಮಾಡಿ, ‘ಎಲ್ಲರನ್ನೂ ಕಳಿಸಿದೆಯಾ?’ ಎಂದು ಕೇಳುತ್ತಿದ್ದರು. ಅವಳು ‘ಕಳಿಸಿದೆ ಸರ್’ ಎನ್ನುತ್ತಿದ್ದಳು. ಅವರು ಅದನ್ನು ಇನ್ನೂ ಮೇಲಿನವರಿಗೆ ಹೇಳುತ್ತಿದ್ದರು. ಹೀಗೆ ರೊಪ್ಪದಲ್ಲಿ ಮಲಗಿದ್ದ ಜನ ಬೆಂಗಳೂರಿನ ಲೆಕ್ಕದಲ್ಲಿ ಕೇಂದ್ರದ ಮಂಚದ ಮೇಲೆ ಮಲಗಿದ್ದರು.

ಆಮೇಲೆ ರೋಗ ಹೋಯಿತು. ಜನ ಮರೆತರು. ದೊಡ್ಡಪಾಲಯ್ಯನ ಮನೆಯಲ್ಲಿ ಮಾತ್ರ ಲಕ್ಷ್ಮಕ್ಕನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಗೀತಮ್ಮ ಮಾವನಿಗೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವನಿಗೂ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಉಂಡು ಎದ್ದು ಹೋಗುತ್ತಿದ್ದ.

ಎರಡು ವರ್ಷ ಕಳೆದಿತ್ತು. ಒಂದು ದಿನ ಪಂಚಾಯ್ತಿಯ ಪಿಡಿಒ ವೀರೇಶ್ ಬೈಕಿನಲ್ಲಿ ಬಂದು, ವಿಧಾನಮಂಡಲದ ಸಮಿತಿಯೊಂದು ಹಟ್ಟಿಗೆ ಬರುತ್ತದೆ ಎಂದ. ಕೊರೊನಾ ಕಾಲದಲ್ಲಿ ಸರ್ಕಾರ ಮಾಡಿದ ಆದೇಶಗಳು ನೆಲದ ಮೇಲೆ ಹೇಗೆ ನಡೆದವು ಎಂದು ಶಾಸಕರು ಊರೂರು ತಿರುಗಿ ಕೇಳುತ್ತಿದ್ದಾರೆ, ಆಮೇಲೆ ಸದನಕ್ಕೆ ವರದಿ ಕೊಡುತ್ತಾರೆ. ಕಾಡುಪಾಲನಹಟ್ಟಿಯನ್ನು ಆರಿಸಿದ್ದು ಯಾಕೆಂದರೆ, ಸೋಂಕು ಬಂದವರನ್ನೆಲ್ಲ ತಪ್ಪದೆ ಕೇಂದ್ರಕ್ಕೆ ಕಳಿಸಿದ ಮಾದರಿ ಊರು ಅದು.

‘ಮಾದರಿನಾ!’ ಎಂದು ಬೋರಯ್ಯ ಬಾಯಿ ತೆರೆದವನು ಹಾಗೇ ಇದ್ದ.

ಆ ಸಂಜೆಯೇ ಸಾಹೇಬರು ಜೀಪಿನಲ್ಲಿ ಬಂದರು. ಹಿರಿಯರನ್ನು ಮೂಲೆಗೆ ಕರೆದು ಮೆತ್ತಗೆ ಮಾತಾಡಿದರು. ‘ನೋಡ್ರಪ್ಪ, ಕೇಳ್ತಾರೆ. ಎಲ್ಲರೂ ಹೋದ್ವಿ, ಚೆನ್ನಾಗಿ ನೋಡಿಕೊಂಡ್ರು ಅನ್ನಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ರೊಪ್ಪದ ವಿಷಯ ಬಾಯಿಬಿಟ್ರೆ ಮೊದಲು ಹೋಗೋದು ನನ್ನ ಕೆಲಸ ಅಲ್ಲ, ಸುಳ್ಳು ಹೇಳಿದ ಆ ಆಶಾ ಹುಡುಗಿ ಕೆಲಸ.’ ಕೊನೆಯ ಮಾತನ್ನು ದೊಡ್ಡಪಾಲಯ್ಯನ ಕಡೆ ತಿರುಗಿಯೇ ಹೇಳಿದರು.

ದೊಡ್ಡಪಾಲಯ್ಯನಿಗೆ ಮೈಯೆಲ್ಲ ಉರಿಯಿತು. ಆದರೆ ಗೀತಮ್ಮನ ಕೆಲಸ ಹೋಗಬಾರದು. ಲಕ್ಷ್ಮಕ್ಕ ಸಕ್ಕರೆ ಹಂಚಿದ ಕೆಲಸ ಅದು. ‘ಆತು ಸ್ವಾಮಿ, ಹಂಗೇ ಅಂತೀವಿ’ ಎಂದ. ನೀರಿನ ಸುಳ್ಳಿನ ಜೊತೆಗೆ ಇನ್ನೊಂದು, ಅದರಲ್ಲೇನು ಎಂದುಕೊಂಡ. ಹಟ್ಟಿಯವರೆಲ್ಲ ಹಾಗೆಯೇ ಒಪ್ಪಿದರು. ಗೀತಮ್ಮನಿಂದ ಉಪಕಾರವಾಗದ ಮನೆ ಅಲ್ಲಿ ಯಾವುದಿತ್ತು?

ಎಡವಟ್ಟಾದದ್ದು ಕುರ್ಚಿ ಹಾಕುವುದರಲ್ಲಿ. ವೀರೇಶ್ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸು ಎಂದು ಹೇಳಿ ಹೋಗಿದ್ದ. ಬೆಳಿಗ್ಗೆ ದೊಡ್ಡಪಾಲಯ್ಯ ಹೋಗಿ ನೋಡುತ್ತಾನೆ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುರಿ ಹಿಕ್ಕೆ. ‘ಲೇ, ಬೆಂಗಳೂರಿಂದ ಅಷ್ಟು ದೊಡ್ಡೋರು ಬರ್ತಾರೆ, ಕುರಿ ಮಲಗೋ ಕಡೆ ಕೂರಿಸ್ತೀರಾ? ಹಟ್ಟಿ ಮಾನ ಏನಾಗ್ಬೇಕು?’ ಎಂದು ಎಗರಾಡಿದ. ಹಟ್ಟಿಯಲ್ಲಿ ದೊಡ್ಡವರನ್ನು ಕೂರಿಸುವ ಜಾಗ ಒಂದೇ. ಹುಡುಗರನ್ನು ಕಟ್ಟಿಕೊಂಡು ಕಟ್ಟೆ ತೊಳೆದ, ಯಜಮಾನನ ಮನೆಯ ಕಂಬಳಿ ತರಿಸಿ ಹಾಸಿದ, ಅದರ ಮೇಲೆ ಕುರ್ಚಿ ಇಡಿಸಿದ. ಬೋರಯ್ಯನೂ ಬಂದು ನೋಡಿ, ‘ಮಂಚಿದಿ ಮಾವಾ, ಒಳ್ಳೆ ಕೆಲ್ಸ ಮಾಡ್ದೆ’ ಎಂದ. ಯಾರಿಗೂ ಹೊಳೆಯಲಿಲ್ಲ. ಮರ್ಯಾದೆ ಮಾಡುವ ಗಡಿಬಿಡಿಯಲ್ಲಿ ಇಡೀ ಹಟ್ಟಿ ತನ್ನ ಕಾಲಿಗೆ ತಾನೇ ಹಗ್ಗ ಬಿಗಿದುಕೊಂಡಿತ್ತು.

ಸಮಿತಿ ಬಂತು. ಅಧ್ಯಕ್ಷರು ಹೆಂಗಸು, ಐವತ್ತು ದಾಟಿದವರು, ಹತ್ತಿ ಸೀರೆ. ಕಟ್ಟೆಯ ಹತ್ತಿರ ಬಂದು, ಜನರೆಲ್ಲ ಬರಿಗಾಲಲ್ಲಿ ನಿಂತದ್ದನ್ನು ನೋಡಿ, ಕೇಳದೆಯೇ ಚಪ್ಪಲಿ ಬಿಟ್ಟು ಮೇಲೆ ಹತ್ತಿ ಕೂತರು. ‘ಹೆಣ್ಣು ಹತ್ತಿತಲ್ಲೇ!’ ಎಂದು ಮುದುಕಿಯೊಬ್ಬಳು ಪಿಸುಗುಟ್ಟಿದಳು. ‘ಬಂದ ನೆಂಟರು, ಸುಮ್ನಿರವ್ವ’ ಎಂದು ಪಕ್ಕದವಳು ತಿವಿದಳು. ಉಳಿದ ಶಾಸಕರು, ಬರೆದುಕೊಳ್ಳುವವರು, ಎಲ್ಲರೂ ಹತ್ತಿದರು. ಸಾಹೇಬರು ಪಕ್ಕದ ಕುರ್ಚಿಯಲ್ಲಿ ಕೂತರು.

‘ನಾವು ಯಾರನ್ನೂ ಹಿಡಿಯೋಕೆ ಬಂದಿಲ್ಲ’ ಎಂದರು ಅಧ್ಯಕ್ಷರು. ‘ಎಲ್ಲರನ್ನೂ ಕೇಂದ್ರಕ್ಕೆ ಕಳಿಸಬೇಕು ಅನ್ನೋ ನಿಯಮ ನಿಮ್ಮ ಊರಲ್ಲಿ ಸರಿಯಾಗಿ ನಡೆದಿದೆ ಅಂತ ಹೇಳ್ತಾರೆ. ಹಾಗಿದ್ದರೆ ಮುಂದೆ ಇಂಥ ರೋಗ ಬಂದಾಗಲೂ ಅದೇ ನಿಯಮ ಇರಲಿ ಅಂತ ನಾವು ಸದನಕ್ಕೆ ಬರೆದು ಕೊಡ್ತೀವಿ. ಅದಕ್ಕೇ ನಿಮ್ಮನ್ನ ಕೇಳಬೇಕಾಗಿದೆ. ಒಬ್ಬೊಬ್ಬರೇ ಮೇಲೆ ಬಂದು ಹೇಳಿ.’

ಮೇಲೆ ಬಂದು ಹೇಳಿ ಎಂದದ್ದೇ ತಡ, ಬೋರಯ್ಯ ದೊಡ್ಡಪಾಲಯ್ಯನ ಮುಖ ನೋಡಿದ, ದೊಡ್ಡಪಾಲಯ್ಯ ಬೋರಯ್ಯನ ಮುಖ ನೋಡಿದ. ಅಯ್ಯೋ ಶಿವನೇ, ಕಟ್ಟೆ!

ಯಜಮಾನನನ್ನು ಮೊದಲು ಕರೆದರು. ಬೋರಯ್ಯ ಹತ್ತಿದ. ಕೈಮುಗಿದ. ‘ನಮ್ಮ ಹಟ್ಟಿಯಾಗೆ ಜ್ವರ ಬಂದೋರನ್ನೆಲ್ಲ…’ ಎಂದು ಶುರು ಮಾಡಿ ಕೆಮ್ಮಿದ. ಮತ್ತೆ ಶುರು ಮಾಡಿದ, ಮತ್ತೆ ಕೆಮ್ಮಿದ. ನೀರು ಕೊಟ್ಟರು, ಕುಡಿದ. ‘ವಯಸ್ಸಾತು ತಾಯಿ. ನೆಪ್ಪು ಹಾರೈತೆ. ನೀರುಗಂಟಿನ ಕೇಳ್ರಿ, ಅವನಿಗೆ ಎಲ್ಲಾ ಗೊತ್ತು’ ಎಂದವನೇ ಸರಸರ ಇಳಿದುಬಿಟ್ಟ.

‘ಥೂ ನಿನ್ನ ಮುದಿಯಾ’ ಎಂದು ಹಲ್ಲು ಕಡಿಯುತ್ತ ದೊಡ್ಡಪಾಲಯ್ಯ ಚಪ್ಪಲಿ ಬಿಟ್ಟ. ಕಲ್ಲು ಅಂಗಾಲಿಗೆ ತಣ್ಣಗೆ ತಾಗಿತು.

ಅಧ್ಯಕ್ಷರು ಕೇಳಿದರು: ‘ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಬಂದಿತ್ತಾ?’

‘ನನ್ನ ಹೆಂಡ್ತಿಗೆ.’

‘ಕೇಂದ್ರಕ್ಕೆ ಹೋದ್ರಾ?’

‘ಹೋದ್ಲು. ತಿರುಗಿ ಬರ್ಲಿಲ್ಲ.’

ಸಾಹೇಬರು ಕೂತಲ್ಲೇ ಮಗ್ಗುಲು ಬದಲಿಸಿದರು. ಅಧ್ಯಕ್ಷರು, ‘ಮಿಕ್ಕವರು?’ ಎಂದರು.

ದೊಡ್ಡಪಾಲಯ್ಯ ಸುಳ್ಳನ್ನು ನಾಲಗೆಯ ತುದಿಯವರೆಗೆ ತಂದ. ಬರಲಿಲ್ಲ. ಒಂದು ಸಲ ಬಾಯಿ ತೆರೆದ ಮೇಲೆ ಮಾತ್ರ ಕಟ್ಟೆ ಒಡೆದ ಕೆರೆಯಂತಾಯಿತು. ಲಕ್ಷ್ಮಕ್ಕನನ್ನು ಮೂರು ಕಡೆ ತಿರುಗಿಸಿದ್ದು, ಮುಖ ತೋರಿಸದೆ ಮಣ್ಣು ಮಾಡಿದ್ದು, ಹೊರಬೀಡು, ರೊಪ್ಪ, ಕಲ್ಲಿನ ಮೇಲಿಡುತ್ತಿದ್ದ ಮುದ್ದೆ, ಸತ್ತ ಮುದುಕ, ಬದುಕಿದವರು, ಎಲ್ಲವನ್ನೂ ಹೇಳಿದ. ‘ಯಾರೂ ಹೋಗ್ಲಿಲ್ಲ ತಾಯಿ. ನನ್ನ ಹೆಂಡ್ತಿ ಒಬ್ಬಳೇ ಹೋಗಿದ್ದು. ಆ ನಿಯಮ ಮತ್ತೆ ಮಾಡಬ್ಯಾಡ್ರಿ. ಮಾಡಿದ್ರೂ ನಮ್ಮೋರು ಹೋಗಾಕಿಲ್ಲ, ಬಚ್ಚಿಟ್ಕೊಂತಾರೆ, ಆಗ ಇನ್ನೂ ಜಾಸ್ತಿ ಸಾಯ್ತಾರೆ.’

ಕನ್ನಡಕದ ಶಾಸಕರೊಬ್ಬರು ಮುಂದೆ ಬಾಗಿದರು. ‘ಒಂದು ನಿಮಿಷ. ಯಾರೂ ಹೋಗಲಿಲ್ಲ ಅಂದ್ರೆ, ಎಲ್ಲರನ್ನೂ ಕಳಿಸಿದೆವು ಅಂತ ಮೇಲಕ್ಕೆ ಹೇಳಿದ್ದು ಯಾರು?’

ದೊಡ್ಡಪಾಲಯ್ಯ ಕೆಳಗೆ ಹೆಂಗಸರ ಗುಂಪಿನಲ್ಲಿದ್ದ ಗುಲಾಬಿ ಸೀರೆಯನ್ನು ನೋಡಿದ. ಗೀತಮ್ಮ ತಲೆ ತಗ್ಗಿಸಿ ನಿಂತಿದ್ದಳು. ಇಷ್ಟು ಹೊತ್ತು ಹೇಳಿದ್ದು ತನ್ನ ಸಂಕಟ, ಹೇಳಿ ಹಗುರವಾಗಿದ್ದ. ಇದು ಅವಳ ಅನ್ನ. ಅತ್ತ ದರಿ, ಇತ್ತ ಪುಲಿ. ಇಲ್ಲಿ ನಿಂತು ಗೊತ್ತಿಲ್ಲ ಎನ್ನುವಂತಿಲ್ಲ, ಗೊತ್ತು ಎಂದರೆ ಸೊಸೆಯ ಕತ್ತು ಕೊಯ್ದಂತೆ.

ಅವನು ಏನೂ ಹೇಳದೆ ತಿರುಗಿದ. ಮೆಟ್ಟಿಲಿಳಿದ. ಚಪ್ಪಲಿ ಮೆಟ್ಟಿಕೊಂಡ. ಕಟ್ಟೆಯಿಂದ ದೂರ ಧೂಳಿನಲ್ಲಿ ಹೋಗಿ ನಿಂತು, ಗಟ್ಟಿಯಾಗಿ, ‘ಅದು ನಂಗೊತ್ತಿಲ್ಲ ಸ್ವಾಮಿ! ಯಾರು ಹೇಳಿದ್ರೋ ಏನೋ’ ಎಂದು ಕೂಗಿದ.

ಸಮಿತಿಯವರು ಮುಖ ಮುಖ ನೋಡಿಕೊಂಡರು. ‘ಅಲ್ಲಿಗ್ಯಾಕೆ ಹೋದ್ರಿ? ಇಲ್ಲೇ ಬಂದು ಹೇಳಿ.’

‘ಇಲ್ಲೇ ಆರಾಮೈತೆ ಸ್ವಾಮಿ.’

‘ಮೇಲೆ ಬನ್ನಿ ಅಜ್ಜ.’

‘ಮಂಡಿ ನೋವು!’

ಈಗತಾನೆ ಹತ್ತಿ ಇಳಿದ ಮಂಡಿ. ಕನ್ನಡಕದ ಶಾಸಕರು ಬರೆದುಕೊಳ್ಳುವವರ ಕಡೆ ತಿರುಗಿ, ‘ತಿಳಿದಿಲ್ಲ ಅಂತ ಹಾಕಿ’ ಎಂದರು. ಸಾಹೇಬರು ಉಸಿರು ಬಿಟ್ಟು ಹಣೆ ಒರೆಸಿಕೊಂಡರು. ಅವರಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಹಟ್ಟಿಯವರಿಗೆ ಮಾತ್ರ ಎಲ್ಲ ತಿಳಿಯಿತು. ಒಡಹುಟ್ಟಿದ ತಮ್ಮನಿಗಾಗಿ ಇಳಿಯದವನು ಸೊಸೆಗಾಗಿ ಎಲ್ಲರೆದುರು ಕಟ್ಟೆ ಇಳಿದಿದ್ದ. ಬೋರಯ್ಯ ತಲೆ ಎತ್ತಲಿಲ್ಲ. ದೊಡ್ಡಪಾಲಯ್ಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಸಮಾಧಾನ, ಕೆಲಸ ಉಳಿಯಿತು ಎಂದುಕೊಂಡ.

ಅಷ್ಟರಲ್ಲಿ ಗುಲಾಬಿ ಸೀರೆ ಗುಂಪಿನಿಂದ ಮುಂದೆ ಬಂತು.

‘ಲೇ ಗೀತಾ, ಬ್ಯಾಡ!’ ಎಂದು ಕೂಗಿದ. ಅವಳು ಕೇಳಲಿಲ್ಲ. ಚಪ್ಪಲಿ ಬಿಟ್ಟಳು. ಹುಟ್ಟಿದಾಗಿನಿಂದ ಒಬ್ಬ ಹೆಂಗಸೂ ಹತ್ತಿದ್ದನ್ನು ಹಟ್ಟಿ ಕಂಡಿರಲಿಲ್ಲ; ಈಗ ಒಬ್ಬರು ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇನ್ನೊಬ್ಬಳು ಹತ್ತಿದಳು. ಯಾರೂ ಬೇಡ ಎನ್ನಲಿಲ್ಲ.

‘ನಾನೇ ಮೇಡಂ ಹೇಳಿದ್ದು’ ಎಂದಳು. ‘ದಿನಾ ಸಂಜೆ ಫೋನ್ ಬರೋದು. ಮೊದಲನೇ ದಿನ, ಯಾರೂ ಒಪ್ತಿಲ್ಲ ಸರ್, ಇಲ್ಲೇ ಹೊರಗೆ ಇಟ್ಟೀವಿ ಅಂತ ನಿಜಾನೇ ಹೇಳಿದೆ. ಅಲ್ಲಿ ಬೆಡ್ಡೂ ಇಲ್ಲ, ಕಳಿಸೋಕೆ ಗಾಡಿನೂ ಇಲ್ಲ, ಕಳಿಸ್ದೆ ಅಂತ ಹೇಳು ಸಾಕು ಅಂದ್ರು. ಹಂಗೇ ಹೇಳ್ತಾ ಬಂದೆ.’

‘ಯಾರು ಹಾಗೆ ಅಂದಿದ್ದು?’

ಗೀತಮ್ಮ ಯಾರ ಕಡೆಗೂ ಬೆರಳು ತೋರಿಸಲಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಸಾಹೇಬರು ತಾವಾಗಿಯೇ ಕುರ್ಚಿಯಿಂದ ಎದ್ದು ನಿಂತಿದ್ದರು.

‘ಯಾರೇ ಹೇಳಲಿ’ ಎಂದರು ಕನ್ನಡಕದ ಶಾಸಕರು, ‘ಆದೇಶ ಪಾಲಿಸಬೇಕಾಗಿದ್ದು ನಿಮ್ಮ ಕರ್ತವ್ಯ ಅಲ್ವೇನಮ್ಮ?’

‘ಹೌದು ಸರ್. ಒಂದೇ ಒಂದು ಸಲ ಪಾಲಿಸಿದೆ. ನಮ್ಮತ್ತೆ ರಟ್ಟೆ ಹಿಡಿದು ಗಾಡಿ ಹತ್ತಿಸಿದ್ದು ನಾನೇ. ಆಮೇಲೆ ಇನ್ನೊಬ್ಬರನ್ನ ಹತ್ತಿಸೋಕೆ ನನ್ನ ಕೈಲಿ ಆಗ್ಲಿಲ್ಲ.’

ದೊಡ್ಡಪಾಲಯ್ಯನಿಗೆ ಧೂಳಿನಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಎಲ್ಲೋ ಕೊಡವಿ ಎಸೆದು, ಮಂಡಿನೋವು ಮರೆತು, ಒಂದೇ ಉಸಿರಿಗೆ ಕಟ್ಟೆ ಹತ್ತಿ ಸೊಸೆಯ ಪಕ್ಕ ನಿಂತ.

‘ಈಗ ಕೆಳಗೆ ನಿಂತು ಹೇಳಿದ್ನಲ್ಲ ತಾಯಿ, ಅದು ಸುಳ್ಳು. ಹೊಡೆದು ಹಾಕ್ರಿ’ ಎಂದ. ‘ಇನ್ನೊಂದು ಮಾತು ಐತೆ. ಇವಳು ತಾನೇ ಹತ್ತಿಸಿದೆ ಅಂತಾಳೆ. ಗಾಡಿ ಬಾಗಿಲಾಗೆ ಅವತ್ತು ನಾನೂ ನಿಂತಿದ್ದೆ. ಬ್ಯಾಡ ಅಂತ ಒಂದು ಮಾತು ಅನ್ನಲಿಲ್ಲ. ನನ್ನ ಹೆಂಡ್ತಿ ನನ್ನ ಮುಖಾನೇ ನೋಡ್ತಾ ಇದ್ಲು, ನಾನು ಸುಮ್ನೆ ನಿಂತಿದ್ದೆ. ಎರಡು ವರ್ಷದಿಂದ ಈ ಹುಡುಗಿ ಅತ್ತೆನ ತಾನೇ ಕೊಂದೆ ಅಂತ ತಿಳ್ಕಂಡು ತಲೆ ಎತ್ತಾಕಿಲ್ಲ. ಅದು ನಂಗೆ ಕಾಣ್ತಿತ್ತು. ಕಂಡೂ ಕಂಡೂ ಬಾಯಿ ಬಿಡ್ಲಿಲ್ಲ. ತಪ್ಪು ಇವಳದಲ್ಲ. ಅದನ್ನೂ ಬರ್ಕೊಳ್ರಿ.’

ಬರೆದುಕೊಳ್ಳುವವನು ಪೆನ್ನು ಎತ್ತಿ ಹಿಡಿದು ಅಧ್ಯಕ್ಷರ ಮುಖ ನೋಡಿದ. ಸದನದ ವರದಿಗೂ ಈ ಮಾತಿಗೂ ಏನು ಸಂಬಂಧ ಎಂಬಂತೆ.

‘ಬರ್ಕೊಳ್ಳಿ’ ಎಂದರು ಅಧ್ಯಕ್ಷರು.

ಗೀತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ಅಳು ಹೊರಗೆ ಬಂದೇಬಂತು. ಕೆಳಗೆ ಹೆಂಗಸರೂ ಅತ್ತರು. ಬೋರಯ್ಯ ಎದ್ದು ಬಂದು, ತನಗೀಗ ಎಲ್ಲ ನೆನಪಾಗಿದೆ, ತನ್ನನ್ನೂ ಇನ್ನೊಂದು ಸಲ ಮೇಲೆ ಕರೆಯಬೇಕು ಎಂದು ಕೇಳಿಕೊಂಡ. ಕರೆದರು. ಆಮೇಲೆ ಮಧ್ಯಾಹ್ನದವರೆಗೂ ಜನ ಹತ್ತುತ್ತಲೇ ಇದ್ದರು, ಇಳಿಯುತ್ತಲೇ ಇದ್ದರು.

ಸಮಿತಿಯ ವರದಿ ಸದನದಲ್ಲಿ ಮಂಡನೆಯಾಯಿತೆಂದು ವೀರೇಶ್ ಹೇಳಿದ. ರೋಗದವರನ್ನು ಊರವರೇ ಹೊರಗಿಟ್ಟು ನೋಡಿಕೊಳ್ಳುವುದಾದರೆ ಅದಕ್ಕೂ ಅವಕಾಶ ಇರಬೇಕು, ಎಲ್ಲರನ್ನೂ ಎಳೆದೊಯ್ಯುವ ನಿಯಮ ಬೇಡ ಎಂದು ಅದರಲ್ಲಿತ್ತಂತೆ. ಪರಿಶೀಲಿಸಲಾಗುವುದು ಎಂದು ಸರ್ಕಾರ ಉತ್ತರ ಕೊಟ್ಟಿತಂತೆ. ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು. ಶಿಕ್ಷೆ ಎಂದು ಕೆಲವರು, ಬಡ್ತಿ ಎಂದು ಕೆಲವರು. ಗೀತಮ್ಮನನ್ನು ಕೆಲಸದಿಂದ ನಿಲ್ಲಿಸಿದರು. ಆ ಜಾಗಕ್ಕೆ ಹಟ್ಟಿಯ ಬೇರೆ ಯಾವ ಹೆಣ್ಣುಮಗಳೂ ಅರ್ಜಿ ಹಾಕಲಿಲ್ಲ. ಹಾಕಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಹಾಕಲಿಲ್ಲ. ಪೋಲಿಯೊ ಹನಿಯ ದಿನ ಹತ್ತಿರ ಬಂದಾಗ ಬೇರೆ ದಾರಿಯಿಲ್ಲದೆ ಅವಳನ್ನೇ ತಿರುಗಿ ಕರೆದರು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ದಿನ ಬಂತು. ಹಿಂದಿನ ಎರಡು ವರ್ಷವೂ ಗೀತಮ್ಮ ಅಡುಗೆ ಮಾಡಿಟ್ಟು, ಎಡೆ ಇಡುವ ಹೊತ್ತಿಗೆ ಏನೋ ನೆಪ ಹೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಈ ಸಲವೂ ಎದ್ದಳು. ದೊಡ್ಡಪಾಲಯ್ಯ ಅವಳ ಕೈಗೆ ಬಾಳೆಲೆ ಕೊಟ್ಟು, ‘ಎಲ್ಲಿಗವ್ವ ಹೋಗ್ತೀಯಾ? ನಿಮ್ಮತ್ತೆ ಎಡೆ ನೀನೇ ಇಡು’ ಎಂದ. ಅವಳು ಪೂಜೆಗೆ ಇಟ್ಟಿದ್ದ ಲಕ್ಷ್ಮಕ್ಕನ ಸೀರೆಯ ಮುಂದೆ ಎಲೆ ಹಾಕಿ, ಹೋಳಿಗೆ, ಅನ್ನ, ಸಾರು ಒಂದೊಂದಾಗಿ ಬಡಿಸಿದಳು. ಮಾವ ಸೊಸೆ ಇಬ್ಬರೂ ಕೂತು ಮನಸಾರೆ ಅತ್ತರು. ಆಮೇಲೆ ಒಬ್ಬರಿಗೊಬ್ಬರು ಎದುರಾಗಿ ಕೂತು ಉಂಡರು.